ಕೂಬರ್ ಪೀಡಿಗೆ ಹೋಗುವುದಾದರೆ ಎರಡು ರಾತ್ರಿ ಇಟ್ಟುಕೊಳ್ಳಿ

ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯ ಈ ಊರು ಅಡಿಲೇಡ್‌ನಿಂದ ಉತ್ತರಕ್ಕೆ, ಪೋರ್ಟ್ ಅಗಸ್ಟಾದಲ್ಲಿ ಸ್ಟುವರ್ಟ್ ಹೆದ್ದಾರಿ ಹಿಡಿದು, ಸುಮಾರು 850 ಕಿ.ಮೀ. ಒಂದೇ ದಿನದಲ್ಲಿ ಮುಟ್ಟಿಬಿಡೋಣ ಅನ್ನುವ ಹುಮ್ಮಸ್ಸು ಬೇಡ. ಸಂಜೆಗತ್ತಲಲ್ಲಿ ಕಾಂಗರೂಗಳು ರಸ್ತೆಗೆ ನುಗ್ಗುತ್ತವೆ. ನಾವು ಪೋರ್ಟ್ ಅಗಸ್ಟಾದಲ್ಲಿ ಮಲಗಿ, ಬೆಳಕು ಹರಿದ ಮೇಲೆ ಹೊರಟೆವು. ದಾರಿಯಲ್ಲಿ ಸಿಗುವ ಗ್ಲೆಂಡಾಂಬೊದಲ್ಲಿ ಟ್ಯಾಂಕ್ ಅರ್ಧ ಇದ್ದರೂ ತುಂಬಿಸಿಕೊಳ್ಳಿ. ಅಲ್ಲಿಂದಾಚೆ 250 ಕಿ.ಮೀ. ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ಲನ್ನೂ ನೆಚ್ಚಬೇಡಿ. ಕುಡಿಯುವ ನೀರು ಕಾರಿನಲ್ಲಿ ಧಾರಾಳವಾಗಿರಲಿ.

ಊರು ಹತ್ತಿರವಾದಂತೆ ಬಯಲ ತುಂಬ ಬಿಳಿ ಮಣ್ಣಿನ ಗುಡ್ಡೆಗಳು. ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿ ಬೆಳೆದ ನನಗೆ ಇದು ಗಣಿಯೂರು ಅಂತ ಯಾರೂ ಹೇಳಬೇಕಿರಲಿಲ್ಲ. ಆದರೆ ಇಲ್ಲಿ ದಿಬ್ಬ ಪುಟ್ಟ ಪುಟ್ಟದು, ಲೆಕ್ಕವಿಲ್ಲದಷ್ಟು. 1915ರಲ್ಲಿ ಚಿನ್ನ ಹುಡುಕಲು ಬಂದ ತಂಡದಲ್ಲಿದ್ದ ವಿಲ್ಲಿ ಹಚಿಸನ್ ಎಂಬ ಹದಿನಾಲ್ಕರ ಹುಡುಗನಿಗೆ ಓಪಲ್ ಎಂಬ ರತ್ನದ ಕಲ್ಲು ಸಿಕ್ಕಿತು. ಅಲ್ಲಿಂದ ಶುರುವಾದ ಅಗೆತ ಇನ್ನೂ ನಿಂತಿಲ್ಲ. ದಿಬ್ಬದ ಪಕ್ಕ ಬಾಯ್ತೆರೆದ ಗುಂಡಿ ಇರುತ್ತದೆ, ಬೇಲಿ ಇರುವುದಿಲ್ಲ. ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ ಅಂತ ಬೋರ್ಡೇ ಹಾಕಿದ್ದಾರೆ. ಮಕ್ಕಳ ಕೈ ಬಿಡಬೇಡಿ.

ಉಳಿಯುವುದಾದರೆ ನೆಲದಡಿಯ ಕೋಣೆಯಲ್ಲೇ. ಇದಕ್ಕೆ ಡಗ್‌ಔಟ್ ಅನ್ನುತ್ತಾರೆ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಒಳಗೆ 23–25ರ ಆಸುಪಾಸು. ನಾವು ಹೋದದ್ದು ಜುಲೈನಲ್ಲಿ, ಅಲ್ಲಿಗೆ ಅದು ಚಳಿಗಾಲ, ರಾತ್ರಿ ಹೊರಗೆ ಹಲ್ಲು ಕಟಕಟ. ಒಳಗೆ ಸ್ವೆಟರ್ ಬೇಕಾಗಲಿಲ್ಲ. ದೀಪ ಆರಿಸಿದರೆ ಮಾತ್ರ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ನನ್ನ ಹೆಂಡತಿ ರಾತ್ರಿಯಿಡೀ ಬಚ್ಚಲ ದೀಪ ಉರಿಸಿಟ್ಟಳು. ಬಚ್ಚಲ ನೀರು ಅಂತರ್ಜಲದ ಉಪ್ಪು ತೆಗೆದು ಮಾಡಿದ್ದು, ನೋಡಿಕೊಂಡು ಬಳಸಿ.

ಮೊದಲ ದಿನ ಊರೊಳಗೆ: ಹಳೆಯ ಗಣಿ ಮ್ಯೂಸಿಯಂ, ಬಂಡೆ ಕೊರೆದು ಕಟ್ಟಿದ ಸರ್ಬಿಯನ್ ಚರ್ಚ್. ಹುಲ್ಲೇ ಇಲ್ಲದ ಗಾಲ್ಫ್ ಮೈದಾನವೂ ಇದೆ, ಆಟಗಾರರು ಹುಲ್ಲಿನ ತುಂಡು ಜೊತೆಗೇ ಒಯ್ಯುತ್ತಾರಂತೆ!

ಎರಡನೇ ದಿನವನ್ನು ಕಂಕು-ಬ್ರೇಕ್‌ಅವೇಸ್ ಎಂಬ ಗುಡ್ಡಗಳಿಗೆ ಬಿಡಿ. ಉತ್ತರಕ್ಕೆ ಮೂವತ್ತು ಕಿ.ಮೀ. ಚಿಲ್ಲರೆ, ಮೊದಲೇ ಪಾಸ್ ಮಾಡಿಸಿಕೊಂಡಿರಿ. ಮಧ್ಯಾಹ್ನ ಸಪ್ಪೆ ಕಾಣುವ ಆ ಗುಡ್ಡಗಳು ಸಂಜೆ ಹೊತ್ತಿಗೆ ಅರಿಶಿನ, ಕಾವಿ, ಸುಣ್ಣದ ಬಣ್ಣ ಬಿಡಿಸಿ ತೋರಿಸುತ್ತವೆ. ಡಿಂಗೋ ನಾಯಿಗಳಿಂದ ಕುರಿ ಉಳಿಸಲು ಹಾಕಿದ, 5,000 ಕಿ.ಮೀ.ಗೂ ಉದ್ದದ ಬೇಲಿ ಅದೇ ಸುತ್ತಿನಲ್ಲಿ ಸಿಗುತ್ತದೆ. ಅದನ್ನು ಬೆಳಕಿರುವಾಗಲೇ ನೋಡಿ ಮುಗಿಸಿ, ಗುಡ್ಡಕ್ಕೆ ಕೊನೆಗೆ ಬನ್ನಿ. ದಾರಿ ಮಣ್ಣಿನದು, ಮಳೆ ಬಿದ್ದರೆ ಮುಚ್ಚುತ್ತಾರೆ. ಬಾಡಿಗೆ ಕಾರಾದರೆ ಮಣ್ಣುರಸ್ತೆಗೆ ವಿಮೆ ಇದೆಯೇ ಅಂತ ಕರಾರು ಓದಿಕೊಳ್ಳಿ. ನಾವು ಓದಿರಲಿಲ್ಲ, ಜೀವ ಕೈಯಲ್ಲಿ ಹಿಡಿದು ಓಡಿಸಿದೆವು.

ಓಪಲ್ ಕೊಳ್ಳುವಾಗ ‘ಸಾಲಿಡ್ಡಾ, ಡಬ್ಲೆಟ್ಟಾ, ಟ್ರಿಪ್ಲೆಟ್ಟಾ’ ಕೇಳಿ. ಸಾಲಿಡ್ ಅಂದರೆ ಇಡೀ ಕಲ್ಲೇ ಓಪಲ್; ಡಬ್ಲೆಟ್ ಅಂದರೆ ಕಪ್ಪು ತಳಕ್ಕೆ ಅಂಟಿಸಿದ ತೆಳು ಓಪಲ್ ಹಾಳೆ; ಮೇಲೊಂದು ಪಾರದರ್ಶಕ ಮುಚ್ಚಳ ಸೇರಿದರೆ ಟ್ರಿಪ್ಲೆಟ್. ಕೊಳ್ಳಬಾರದೆಂದಲ್ಲ, ಸಾಲಿಡ್ ಬೆಲೆ ಕೊಡಬಾರದು. ನೀರಲ್ಲಿ ನೆನೆಸಿದರೆ ಅಂಟು ಬಿಡುತ್ತದೆ, ಪಾತ್ರೆ ತೊಳೆಯುವ ಕೈಗೆ ಆ ಉಂಗುರ ಬೇಡ.

ದುಡ್ಡು ಖರ್ಚು ಮಾಡುವುದು ಬೇಡವೆಂದರೆ ಊರಲ್ಲೇ ಸಾರ್ವಜನಿಕರಿಗೆ ಬಿಟ್ಟ ಮಣ್ಣುಗುಡ್ಡೆ ಕೆದಕಬಹುದು. ಇದಕ್ಕೆ ‘ನೂಡ್ಲಿಂಗ್’ ಅಂತ ಹೆಸರು. ಎರಡು ಗಂಟೆ ಕೂತು ಕೆದಕಿ ಸಾಸಿವೆಯಷ್ಟು ಮಿನುಗುವ ಚೂರೊಂದು ಸಿಕ್ಕಿತು. ಮಗಳು ಅದನ್ನು ಚಟ್ನಿಪುಡಿ ಖಾಲಿಯಾದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.