ಮೊದಲ ಪ್ರಶ್ನೆಯಲ್ಲಿ ಕಾಯಿಲೆಯ ಹೆಸರು ಬೇಡ

ಹಳೇ ಟಿಬಿ ಆಸ್ಪತ್ರೆಯೊಂದರ ಕಾಗದಪತ್ರ, ಫೋಟೋ, ಅಲ್ಲಿದ್ದವರ ನೆನಪು ಕೂಡಿಸಿಡೋದು ನನ್ನ ಕೆಲಸ. ಕಾರವಾರದ ಹತ್ತಿರ, ಚಿರೆಕಲ್ಲಿನ ಕಟ್ಟಡ. ಕೋಣೆಗಳಿಗಿಂತ ಜಗಲಿಯೇ ದೊಡ್ಡದು. 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಕಂಡುಹಿಡಿಯುವವರೆಗೆ ಕ್ಷಯಕ್ಕೆ ಸರಿಯಾದ ಔಷಧಿಯೇ ಇರಲಿಲ್ಲ ನೋಡಿ. ಗಾಳಿ, ಬಿಸಿಲು, ಒಳ್ಳೆ ಊಟ, ಸುಮ್ನೆ ಮಲಗೋದು, ಅಷ್ಟೇ. ಹಾಗಾಗಿ ಮಂಚಗಳೆಲ್ಲ ಜಗಲಿಯಲ್ಲಿ.

ಮೊದಲ ಆರು ತಿಂಗಳು ರಿಜಿಸ್ಟರುಗಳ ಹಿಂದೆಯೇ ಬಿದ್ದೆ. ವರಲೆ ತಿಂದು, ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿದ ಹಾಳೆಗಳನ್ನು ಬಿಡಿಸಿ, ನೆರಳಲ್ಲಿ ಒಣಗಿಸಿ, ಫೋಟೋ ತೆಗೆಯೋದರಲ್ಲೇ ದಿನ ಹೋಯಿತು. ಅಷ್ಟರಲ್ಲಿ ಅಲ್ಲಿದ್ದ ಇಬ್ಬರು ಹಿರಿಯರು ತೀರಿಕೊಂಡರು. ಅವರ ಹತ್ತಿರ ಒಂದು ಮಾತೂ ಕೇಳಿರಲಿಲ್ಲ. ಈಗಲೂ ಬೇಜಾರಾಗುತ್ತದೆ.

ಆಮೇಲೆ ಅಂಕೋಲಾ ಕಡೆಯ ಅಜ್ಜ ಒಬ್ಬರ ಮನೆಗೆ ಹೋದೆ. ಕೂತವನೇ "ಅಜ್ಜಾ, ನಿಮಗೆ ಟಿಬಿ ಆಗಿದ್ದು ಯಾವಾಗ?" ಅಂದುಬಿಟ್ಟೆ. ಅವರು ಒಳಬಾಗಿಲ ಕಡೆ ನೋಡಿ, "ಚಾ ಕುಡಿದು ಹೊರಡು ತಮ್ಮಾ" ಅಂದರು. ಆ ಹೆಸರು ಕೇಳಿದರೆ ಮದುವೆ ಸಂಬಂಧಗಳೇ ಮುರಿದು ಹೋಗುತ್ತಿದ್ದ ಕಾಲ ಅವರದು. ಆಗ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲವಂತೆ. (ಇದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಎರಡನೇ ಸಲ ಏನೂ ಕೇಳಲಿಲ್ಲ. ವಾರ್ಡಿನ ಬಾಗಿಲ ಹಿಂದಿನ ಗೋಡೆಯ ಫೋಟೋ ಕೈಗೆ ಕೊಟ್ಟೆ. ಸುಣ್ಣದ ಮೇಲೆ ಪೆನ್ಸಿಲ್ ಗೀಟುಗಳು, ಐದೈದರ ಕಟ್ಟು. ಅಜ್ಜ ಬೆರಳಿಟ್ಟು ಎಣಿಸತೊಡಗಿದರು. "ಇದು ನಮ್ಮ ಸೂಜಿ ಲೆಕ್ಕ. ದಿನಾ ಒಂದು. ತೊಂಬತ್ತಾದ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗೋಕೆ ಶುರುವಾಯ್ತು." ಅವರ ಕಿವಿ ಮಂದವಾಗಿದ್ದು ವಯಸ್ಸಿನಿಂದ ಅಂದುಕೊಂಡು ನಾನು ಜೋರಾಗಿ ಮಾತಾಡುತ್ತಿದ್ದೆ. ಆ ಸೂಜಿಯಲ್ಲಿದ್ದ ಸ್ಟ್ರೆಪ್ಟೋಮೈಸಿನ್ ಕಿವಿ ಕೆಡಿಸಬಹುದು ಅಂತ ಗೊತ್ತಿದ್ದೂ ಹೊಳೆದಿರಲಿಲ್ಲ. ರಿಜಿಸ್ಟರಿನಲ್ಲಿ ಬರೀ 'ಗುಣವಾಗಿ ಬಿಡುಗಡೆ' ಅಂತಿದೆ.

ಪಕ್ಕದ ಮಂಚದವರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಿದಾಗ, ಸಾಯೋಕೆ ಕಳಿಸಿದರು ಅಂತ ವಾರ್ಡೆಲ್ಲ ಅತ್ತಿತ್ತಂತೆ. ನಿಜವಾದ ಕಾರಣ ಬೇರೆ. ಮನೆಯಲ್ಲೇ ಔಷಧಿ ತಗೊಂಡರೂ ಆಸ್ಪತ್ರೆಯಷ್ಟೇ ಗುಣವಾಗುತ್ತದೆ ಅಂತ ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಅಧ್ಯಯನ ತೋರಿಸಿತ್ತು, ಆಮೇಲೆ ಇಂಥ ಆಸ್ಪತ್ರೆಗಳು ಒಂದೊಂದೇ ಖಾಲಿಯಾದವು. ಇದನ್ನು ಹೇಳಿದಾಗ ಅಜ್ಜ ತುಂಬಾ ಹೊತ್ತು ಸುಮ್ಮನಿದ್ದು, "ಹೌದು, ಅವನು ಆಮೇಲೂ ದೋಣಿಗೆ ಹೋಗ್ತಿದ್ದ" ಅಂದರು.

ಈಗ ಮೊದಲು ಜನ, ಕಾಗದ ಆಮೇಲೆ. ಗಂಜಿ ಜೊತೆ ಏನು ಕೊಡುತ್ತಿದ್ದರು, ಮಂಚ ಯಾವ ಕಡೆ ಇತ್ತು ಅಂತ ಕೇಳುತ್ತೇನೆ. ಕಾಯಿಲೆಯ ಹೆಸರು ಅವರೇ ಎತ್ತಬೇಕು. ರಿಜಿಸ್ಟರಿನ ಪ್ರತಿ ಯಾರಿಗಾದರೂ ತೋರಿಸುವುದಿದ್ದರೆ ಹೆಸರು, ಊರು ಮುಚ್ಚಿಯೇ ತೋರಿಸುತ್ತೇನೆ.

ಮುಂದಿನ ವಾರ ಕಟ್ಟಡಕ್ಕೆ ಸುಣ್ಣ ಹೊಡೆಯುವವರು ಬರುತ್ತಾರೆ. ಬಾಗಿಲ ಹಿಂದಿನ ಆ ಗೋಡೆ ಮುಟ್ಟಬೇಡಿ ಅಂತ ಹೇಳಿ ಬಂದಿದ್ದೇನೆ. ಆದರೂ ಆ ದಿನ ನಾನು ಅಲ್ಲೇ ನಿಂತಿರುತ್ತೇನೆ.