ಹಮಾಲನ ಮುಖ ಕೆತ್ತಿದರೆ ಮುದುಕ ಯಾಕೆ ಆಗ್ತಾನೆ?

"ಗಂಜಿನ ಹಮಾಲನ ಮುಖ ಲಿನೊದಾಗ ಕೆತ್ತೀವ್ರಿ. ದಣಿದಂಗ ಕಾಣವಲ್ದು, ಮುದುಕ ಆಗ್ಯಾನ. ಯಾಕ್ರಿ?" ಕಲಬುರಗಿಯಲ್ಲಿ ಅಚ್ಚುಚಿತ್ರ ಕಲಿಯುವವರು ತಪ್ಪದೆ ಕೇಳುವ ಪ್ರಶ್ನೆ. ಗಂಜ್ ಅಂದರೆ ಕಾಳುಕಡಿ ಮಾರುಕಟ್ಟೆ. ಲಿನೊ ಅಂದರೆ ಕೆತ್ತಲು ಬಳಸುವ ಲಿನೋಲಿಯಂ ಹಾಳೆ: ಕೆತ್ತದೆ ಉಳಿದ ಜಾಗಕ್ಕೆ ಇಂಕು ಹತ್ತಿ ಕಾಗದದ ಮೇಲೆ ಕಪ್ಪಾಗಿ ಮೂಡುತ್ತದೆ, ಕೆತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ.

ಸುಕ್ಕು ಕೆತ್ತಿದ್ದರಿಂದ. ಪೆನ್ಸಿಲಿನಲ್ಲಿ ಎಳೆದ ಗೆರೆ ಕಪ್ಪು. ಅದರ ಮೇಲೆಯೇ ಉಳಿ ಓಡಿಸಿದರೆ ಅಚ್ಚಿನಲ್ಲಿ ಬಿಳಿಯಾಗಿ ಬರುತ್ತದೆ. ಹಣೆ, ಕೆನ್ನೆ ತುಂಬ ಬಿಳಿ ಗೀರು ಬಿದ್ದರೆ ಮೂವತ್ತರ ಆಳಿಗೂ ಎಪ್ಪತ್ತಾಗುತ್ತದೆ. ಬಿಸಿಲು ಬಿದ್ದ ಜಾಗ ಮಾತ್ರ ತೆಗೆಯಿರಿ. ಮಟಮಟ ಮಧ್ಯಾಹ್ನ ತೊಗರಿ ಚೀಲ ಇಳಿಸಿ ನಿಂತವನಿಗೆ ಬೆಳಕು ನೆತ್ತಿಯಿಂದ ಬರುತ್ತದೆ: ರುಮಾಲಿನ ಮಡಿಕೆ, ಮೂಗಿನ ಏಣು, ಕೆನ್ನೆಯ ಎಲುಬು, ಕೆಳತುಟಿ. ಉಳಿದದ್ದು ಕಪ್ಪಾಗಿಯೇ ಇರಲಿ. ಬಂಗಾಳದ ಕಲಾವಿದ ಚಿತ್ತಪ್ರಸಾದ್ (1915–1978) ಅವರ ಲಿನೊ ಅಚ್ಚುಗಳಲ್ಲಿ ದುಡಿಯುವವರನ್ನು ನೋಡಿ, ಕಪ್ಪು ಬಿಡಲು ಧೈರ್ಯ ಬರುತ್ತದೆ.

ದಣಿವು ಕಾಣುವುದು ಮೇಲ್ರೆಪ್ಪೆಯಲ್ಲಿ. ಕಣ್ಣಾಲಿಯ ಮೇಲಿನ ಮೂರನೇ ಒಂದು ಭಾಗ ಮುಚ್ಚುವಂತೆ, ಸುಮಾರು 2 ಮಿ.ಮೀ. ದಪ್ಪದ ಕಪ್ಪು ಉಳಿಸಿ. ಕಣ್ಣಾಲಿಯೊಳಗೆ ಬಿಳಿ ಚುಕ್ಕೆ ಬೇಡವೇ ಬೇಡ. ಒಂದು ಬಿದ್ದರೂ ಆಳು ಈಗಷ್ಟೇ ಚಹಾ ಕುಡಿದು ಎದ್ದಂತೆ ಕಾಣುತ್ತಾನೆ. ಕಣ್ಣಿನ ಕೆಳಗೆ ವಿ ಆಕಾರದ ಸಣ್ಣ ಉಳಿಯಿಂದ ಒಂದೇ ಬಾಗಿದ ಗೆರೆ. ಒಂದು ಹೆಗಲು ತುಸು ಜೋತಿರಲಿ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಹಾಗಾಗಿ ಟ್ರೇಸಿಂಗ್ ಪೇಪರನ್ನು ಮಗುಚಿ ಹಾಕಿಯೇ ಚಿತ್ರ ಇಳಿಸಿ.

3 ಮಿ.ಮೀ. ಲಿನೊದಲ್ಲಿ ಅರ್ಧಕ್ಕಿಂತ ಆಳಕ್ಕೆ ಹೋಗಬೇಡಿ. ಹಿಂದಿನ ಗೋಣಿಬಟ್ಟೆ ಕಂಡರೆ ಮಿತಿ ಮೀರಿತು ಅಂತಲೇ. ಉಳಿದ ಕಪ್ಪು ಗೆರೆಯ ಬುಡ ಅಗಲವಾಗಿ, ಇಳಿಜಾರಾಗಿರಬೇಕು. ಗೆರೆಯ ಬುಡದ ಒಳಕ್ಕೆ ಕೊರೆದುಬಿಟ್ಟರೆ ನಾಲ್ಕಾರು ಪ್ರತಿ ತೆಗೆಯುವಷ್ಟರಲ್ಲಿ ರೆಪ್ಪೆ ಕಿತ್ತುಬರುತ್ತದೆ.

ಮೊದಲ ಪ್ರತಿ ಚೆನ್ನಾಗಿ ಬಂದು ಮೂರನೆಯದರಲ್ಲಿ ಕಣ್ಣು ಮುಚ್ಚಿಹೋಯಿತೆ? ಇಂಕು ಹೆಚ್ಚಾಗಿದೆ. ರೋಲರ್ ಪಚಪಚ ಎಂದರೆ ದಪ್ಪ, ಸಣ್ಣಗೆ ಸುಯ್‌ಗುಟ್ಟಿದರೆ ಸರಿ. ಗೀರಿನಲ್ಲಿ ತುಂಬಿದ ಇಂಕನ್ನು ಹಳೆ ಹಲ್ಲುಬ್ರಷ್ಷಿನಿಂದ ತೆಗೆಯಿರಿ. ಇಂಕು ಹರಡಲು ನಮ್ಮ ಕಡೆ ಕೈಗೆ ಸಿಗುವುದು ಶಹಾಬಾದಿ ಪರಸಿ, ಅಂದರೆ ಹಾಸುಗಲ್ಲು. ಪಾಲಿಶ್ ಇಲ್ಲದ ಕಲ್ಲು ಎಣ್ಣೆ ಕುಡಿಯುತ್ತದೆ, ಮೇಲೊಂದು ಗಾಜು ಇಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದರಿಂದ ನೀರಿನ ಇಂಕು ಕಾಗದ ಇಡುವ ಮೊದಲೇ ಒಣಗಿ, ಮುಖದ ಕಪ್ಪೆಲ್ಲ ಚುಕ್ಕೆ ಚುಕ್ಕೆಯಾಗುತ್ತದೆ. ಎಣ್ಣೆ ಇಂಕು ಬಳಸಿ, ಇಲ್ಲವೆ ಬಿಸಿಲೇರುವ ಮೊದಲೇ ಮುಗಿಸಿ.

ಪ್ರೆಸ್ ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು ಸಾಕು. ಕಾಗದ ತೆಳ್ಳಗಿರಲಿ. ರುಮಾಲಿನಿಂದ ಶುರುಮಾಡಿ ಸುತ್ತಿ ಸುತ್ತಿ ಉಜ್ಜಿ, ಒಂದು ಮೂಲೆ ಎತ್ತಿ ನೋಡಿ. ಕಣ್ಣಿನ ಜಾಗಕ್ಕೆ ಮಾತ್ರ ಚಮಚ ಬೇಡ, ಹೆಬ್ಬೆರಳಿನಿಂದ ಹಗುರಾಗಿ ಒತ್ತಿ.