ಥಂಬ್ ಮಷೀನ್ ಬಗ್ಗೆ ಕೇಳದೆ ಲಿನಕ್ಸ್ ಹಾಕಿಕೊಟ್ಟೆ

ಗದಗದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಹದಿನಾಲ್ಕು ವರ್ಷವಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ಆಮೇಲೆ ಬಂದ ಗಿರಾಕಿಗಳೆಲ್ಲ ಕೇಳಿದ್ದು ಒಂದೇ ಮಾತು. "ಅಣ್ಣಾ, ಈ ಕಂಪ್ಯೂಟರ್ ಇನ್ನ ನಡೀತೈತೋ ಇಲ್ಲೋ?"

ನಡೆಯುತ್ತದೆ. ಆದರೆ ಹೊಸದಾಗಿ ಸಿಗುವ ಲೋಪಗಳನ್ನು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ಮನೆ ಬಳಕೆಯವರು ನೋಂದಣಿ ಮಾಡಿಕೊಂಡರೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ಬರುತ್ತದೆ. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯದಾದರೂ ಇರಬೇಕು. ನನ್ನ ಅಂಗಡಿಗೆ ಬರುವವು ಬಹಳಷ್ಟು 4ನೇ, 6ನೇ ಪೀಳಿಗೆಯವು. ಯಂತ್ರ ಗಟ್ಟಿಯಾಗಿರುತ್ತದೆ, ನಿಯಮಕ್ಕೆ ಮಾತ್ರ ಹೊಂದುವುದಿಲ್ಲ. ಅವನ್ನು ಗುಜರಿಗೆ ಹಾಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಲಕ್ಷ್ಮೇಶ್ವರದ ಕಡೆಯ ಹಳ್ಳಿಯೊಂದರಿಂದ ಒಬ್ಬರು ಬಂದದ್ದು ಅದೇ ನವೆಂಬರ್‌ನಲ್ಲಿ. ಆನ್‌ಲೈನ್ ಅರ್ಜಿ ಹಾಕಿಕೊಡುವ ಸಣ್ಣ ಅಂಗಡಿ ಅವರದು. 4 ಜಿಬಿ ರ್‍ಯಾಮ್ ಇದ್ದ ಹಳೆಯ ಡೆಸ್ಕ್‌ಟಾಪ್ ತಂದಿದ್ದರು. ಶುರುವಾಗುವುದಕ್ಕೇ ಐದಾರು ನಿಮಿಷ. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಡಿಸ್ಕ್ ಕೂರಿಸಿದೆ. ಅದರ ಮೇಲೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದೆ. ದುಡ್ಡಿಲ್ಲದೆ ಸಿಗುತ್ತದೆ, 2029ರವರೆಗೆ ಅಪ್‌ಡೇಟ್ ಇದೆ, ನೋಡಲೂ ವಿಂಡೋಸ್ ಥರವೇ ಇದೆ. ಬ್ರೌಸರ್ ತೆಗೆದು ತೋರಿಸಿದೆ. ಅವರ ಮುಖ ಅರಳಿತು. ನನಗೂ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಫೋನ್ ಬಂತು. "ಥಂಬ್ ಮಷೀನ್ ಹಿಡೀವಲ್ದುರೀ. ಮಂದಿ ಕುಂತಾರ."

ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದುಕೊಡುವ ಕೆಲಸವನ್ನೂ ಅವರು ಮಾಡುತ್ತಿದ್ದರು. ಹೆಬ್ಬೆಟ್ಟು ಇಡುವ ಆ ಯಂತ್ರಕ್ಕೆ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಬೇಕು. ಬೆರಳಿನ ಗುರುತನ್ನು ಯಂತ್ರದಲ್ಲೇ ಬೀಗ ಹಾಕಿದಂತೆ ಮಾಡಿ ಕಳಿಸುವ ವ್ಯವಸ್ಥೆ ಅದು. ಅವರ ಬಳಿ ಇದ್ದ ಯಂತ್ರಕ್ಕೆ ಅದು ವಿಂಡೋಸ್ ಮತ್ತು ಆಂಡ್ರಾಯ್ಡ್‌ನಲ್ಲಿ ಮಾತ್ರ ಇತ್ತು. ನಾನು ಕೇಳಿರಲೇ ಇಲ್ಲ. ಅವರು ಸಿಪಿಯು ಒಂದನ್ನೇ ತಂದಿದ್ದರು, ನಾನು ಸಿಪಿಯು ಒಂದನ್ನೇ ನೋಡಿದ್ದೆ.

ಪುಣ್ಯಕ್ಕೆ ಹಳೆಯ ಹಾರ್ಡ್‌ಡಿಸ್ಕ್ ಅಳಿಸಿರಲಿಲ್ಲ. ಅದನ್ನು ತೆಗೆದುಕೊಂಡು ಬೈಕ್ ಹತ್ತಿದೆ. ನಾನು ಹೋಗುವಾಗ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಪಿಂಚಣಿ ದುಡ್ಡಿಗಾಗಿ ಪಕ್ಕದ ಊರಿನಿಂದ ಬಸ್ಸಿಗೆ ಬಂದವರು. ಬೆಳಿಗ್ಗೆ ಎಂಟರಿಂದ ಕಾದಿದ್ದರು. ನಾನು ಹಳೆಯ ಡಿಸ್ಕ್ ಹಾಕಿ, ಎಲ್ಲಾ ಸರಿಯಾಗಿ, ಅವರ ಕೈಗೆ ದುಡ್ಡು ಬರುವಾಗ ಮಧ್ಯಾಹ್ನ ಎರಡೂವರೆ. ಅವರು ಒಂದು ಮಾತೂ ಬೈಯಲಿಲ್ಲ. ಅದು ಇನ್ನೂ ಜಾಸ್ತಿ ಚುಚ್ಚಿತು. ಮುಂದಿನ ವಾರ ಅದೇ ಎಸ್‌ಎಸ್‌ಡಿಗೆ ವಿಂಡೋಸ್ 10 ಹಾಕಿ, ಒಂದು ವರ್ಷದ ಅಪ್‌ಡೇಟ್‌ಗೆ ನೋಂದಾಯಿಸಿ ಕೊಟ್ಟೆ. ಕೂಲಿ ತೆಗೆದುಕೊಳ್ಳಲಿಲ್ಲ.

ಆವತ್ತಿನಿಂದ ನಾನು ಮೊದಲು ಕೇಳುವುದು ಕಂಪ್ಯೂಟರ್‌ಗೆ ಏನೇನು ಚುಚ್ಚುತ್ತೀರಿ ಅಂತ. ಆಮೇಲೆ, ಹಳೆಯ ಫೈಲ್ ಯಾವುದರಲ್ಲಿ ಮಾಡಿದ್ದು ಅಂತ.

ಎರಡನೆಯ ಪ್ರಶ್ನೆ ಕಲಿಸಿದ್ದು ನಮ್ಮೂರಿನ ಪ್ರೆಸ್‌ಗಳು. ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಇಲ್ಲಿನ ಕೆಲವು ಪ್ರೆಸ್‌ಗಳಲ್ಲಿ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಓಡುತ್ತಿದೆ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಹೊರಗಿನವರಿಗೆ ಹಿಂದುಳಿದವರಂತೆ ಕಾಣಬಹುದು. ಹಾಗಲ್ಲ. ಅವರ ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಬಿಲ್‌ಬುಕ್, ಪುಸ್ತಕಗಳ ಪುಟಗಳೆಲ್ಲ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿವೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಎಲ್ಲ ಕಂಪ್ಯೂಟರ್‌ಗಳಲ್ಲೂ ಕನ್ನಡ ಅಕ್ಷರಕ್ಕೆ ಒಂದೇ ಸಂಕೇತ ಬಳಸುವ ಯುನಿಕೋಡ್ ಪದ್ಧತಿ ಅದಕ್ಕೆ ಗೊತ್ತಿಲ್ಲ. ಕನ್ನಡವನ್ನು 'ನುಡಿ'ಯಂತಹ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಹೊಡೆದಿರುತ್ತಾರೆ. ಅಂದರೆ ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೇ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆಗೆದರೆ ಒಂದಕ್ಷರವೂ ಓದಲಾಗದು.

ಇಂಥ ಕಡೆ ಹೊಸ ವಿಂಡೋಸ್ ಹಾಕಿಸಿಕೊಳ್ಳಿ ಎಂದು ನಾನು ಒತ್ತಾಯ ಮಾಡುವುದಿಲ್ಲ. ಎಕ್ಸ್‌ಪಿ ಯಂತ್ರದ ಇಂಟರ್‌ನೆಟ್ ಕೇಬಲ್ ಕಿತ್ತುಬಿಡುತ್ತೇನೆ. ಫೈಲ್‌ಗಳನ್ನೆಲ್ಲ ಎರಡು ಡಿಸ್ಕ್‌ಗೆ ನಕಲು ಮಾಡಿಕೊಡುತ್ತೇನೆ. ಮೇಲ್, ವಾಟ್ಸ್‌ಆ್ಯಪ್ ನೋಡಲು ಪಕ್ಕದಲ್ಲಿ ಬೇರೆ ಕಂಪ್ಯೂಟರ್. ಹಳೆಯ ಯಂತ್ರಕ್ಕೆ ಪೆನ್‌ಡ್ರೈವ್ ಹಾಕುವ ಮುಂಚೆ ಈ ಕಂಪ್ಯೂಟರ್‌ನಲ್ಲಿ ವೈರಸ್ ನೋಡಬೇಕು. ಹೊಸ ಕೆಲಸವನ್ನು ಮಾತ್ರ ಯುನಿಕೋಡ್‌ನಲ್ಲಿ ಶುರು ಮಾಡಿ ಅನ್ನುತ್ತೇನೆ.

ಲೆಕ್ಕಪತ್ರದವರದು ಸುಲಭ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ದಲ್ಲಾಳಿ ಅಂಗಡಿ ಇರಲಿ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಇದ್ದರೆ ವಿಂಡೋಸ್ ಬೇಕು. ಜೊತೆಗೆ ಪೆನ್‌ಡ್ರೈವ್ ಥರ ಚುಚ್ಚುವ ಡಿಜಿಟಲ್ ಸಹಿಯ ಟೋಕನ್ ಇರುತ್ತದೆ. ಅಲ್ಲಿ ಪ್ರಯೋಗ ಬೇಡ.

ಆಪಲ್ ಕಂಪನಿಯ ಮ್ಯಾಕ್ ನನ್ನ ಟೇಬಲ್‌ಗೆ ಬರುವುದು ಅಪರೂಪ. ಬಂದರೆ ಹುಬ್ಬಳ್ಳಿಯ ಮದುವೆ ಆಲ್ಬಮ್, ವಿಡಿಯೋ ಎಡಿಟಿಂಗ್ ಮಾಡುವವರದು. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ಬಂದ ಮೇಲೆ ಆ ಕೆಲಸಕ್ಕೆ ಅದು ನಿಜಕ್ಕೂ ಒಳ್ಳೆಯದು. ಬೇಗ ಬಿಸಿಯಾಗುವುದಿಲ್ಲ, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಅವರಿಗೆ ಆಗಾಗ ಆಗುವ ತೊಂದರೆ ಒಂದೇ. ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕ್ ಕೊಟ್ಟರೆ ಮ್ಯಾಕ್ ಅದನ್ನು ಓದುತ್ತದೆ, ಅದರೊಳಗೆ ಬರೆಯುವುದಿಲ್ಲ. ಡಿಸ್ಕ್ ಕೆಟ್ಟಿದೆ ಅಂದುಕೊಂಡು ತರುತ್ತಾರೆ. ಡೇಟಾ ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್ ಎಂಬ ಮಾದರಿಗೆ ಬದಲಿಸಿದರೆ ಎರಡೂ ಕಡೆ ನಡೆಯುತ್ತದೆ.

ಹಾಗಂತ ಲಿನಕ್ಸ್ ಬಿಟ್ಟಿಲ್ಲ. ಧಾರವಾಡದಲ್ಲಿ ಇಂಜಿನಿಯರಿಂಗ್ ಓದುವ ನಮ್ಮೂರಿನ ಹುಡುಗರು ರಜೆಗೆ ಬಂದಾಗ ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಹಾಕಿಸಿಕೊಂಡು ಹೋಗುತ್ತಾರೆ. ಕೋಡಿಂಗ್ ಕಲಿಯುವವರಿಗೆ ಬೇಕಾದದ್ದೆಲ್ಲ ಅಲ್ಲಿ ಕೈಗೆ ಸಿಗುತ್ತದೆ. ಅವರಿಗೆ ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಡುತ್ತೇನೆ. ಕೆಲವು ಆನ್‌ಲೈನ್ ಪರೀಕ್ಷೆಗಳ ತಂತ್ರಾಂಶ ಅದನ್ನೇ ಕೇಳುತ್ತದೆ.

ನನಗೆ ತುಂಬಾ ಸಮಾಧಾನ ಕೊಟ್ಟ ಲಿನಕ್ಸ್ ಕೆಲಸ ಬೆಟಗೇರಿಯ ನಿವೃತ್ತ ಮಾಸ್ತರರೊಬ್ಬರದು. ಹತ್ತು ವರ್ಷದ ಲ್ಯಾಪ್‌ಟಾಪ್. ಕೇಳಿದೆ. ಬರೆಯುತ್ತೇನೆ, ಭಜನೆ ಕೇಳುತ್ತೇನೆ, ಅಮೆರಿಕದಲ್ಲಿರುವ ಮಗಳ ಜೊತೆ ಮಾತಾಡುತ್ತೇನೆ, ಅಷ್ಟೇ ಎಂದರು. ಚುಚ್ಚುವುದು ಪ್ರಿಂಟರ್ ಒಂದೇ. ಅದನ್ನು ತರಿಸಿ ಒಂದು ಹಾಳೆ ಹೊಡೆದು ನೋಡಿದೆ. ಕೈಬೆರಳಿಗೆ ನುಡಿಯ ಕೀಲಿಮಣೆ ಕೂತುಬಿಟ್ಟಿದೆ ಎಂದು ಅವರಿಗೆ ಹೆದರಿಕೆ. ಕಗಪ ಎಂಬ ಅದೇ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ, ಆರಿಸಿಕೊಂಡರೆ ಸಾಕು. ಅವರು ತಮ್ಮ ಊರಿನ ಹೆಸರು ಹೊಡೆದು, ಪರದೆ ನೋಡಿ, ಇನ್ನೊಮ್ಮೆ ಹೊಡೆದರು. ಹಳೆಯ ನುಡಿ ಫೈಲ್‌ನಲ್ಲಿ ಇನ್ನೂರು ಪುಟ ನೆನಪುಗಳಿದ್ದವು. ಯುನಿಕೋಡ್‌ಗೆ ಬದಲಿಸಿದಾಗ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು. ಇಬ್ಬರೂ ಕೂತು ತಿದ್ದಿದೆವು. ಮೂರು ಸಂಜೆ ಹಿಡಿಯಿತು.

ಆ ಲಕ್ಷ್ಮೇಶ್ವರದ ಕಡೆಯವರು ನನ್ನ ಮೇಲೆ ಸಿಟ್ಟಿಟ್ಟುಕೊಳ್ಳಲಿಲ್ಲ. ತಮ್ಮಂಥ ಕೆಲಸದವರನ್ನು ನನ್ನ ಹತ್ತಿರ ಕಳಿಸುತ್ತಲೇ ಇದ್ದಾರೆ. ಹೋದ ವಾರ ಶಿರಹಟ್ಟಿಯಿಂದ ಗಂಡ ಹೆಂಡತಿ ಬಂದರು. ಸಿಪಿಯು ಇನ್ನೂ ಆಟೋದಲ್ಲೇ ಇತ್ತು. ಆ ತಂಗಿ ಕೈಚೀಲದಿಂದ ಥಂಬ್ ಮಷೀನ್ ತೆಗೆದು ನನ್ನ ಟೇಬಲ್ ಮೇಲೆ ಇಟ್ಟು, "ಮೊದಲ ಇದನ್ನ ನೋಡ್ರಿ" ಎಂದರು.